ಕಡಪ ಕಲ್ಲಿನ ಹಳೇ ಅಡುಗೆಮನೆ, ಬಜೆಟ್ 80 ಸಾವಿರ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: 10 ಅಡಿ ಕಡಪ ಕಟ್ಟೆ ಗಟ್ಟಿಯಾಗಿದೆ, ಎತ್ತರ 32 ಇಂಚು. ಗೋಡೆ ಟೈಲ್ಸ್ ಜಿಡ್ಡು ಹಿಡಿದಿವೆ, ಸಿಂಕ್ ಕೆಳಗಿನ ಪ್ಲೈವುಡ್ ಬಾಗಿಲು ಊದಿದೆ. ಎಲ್ಲ ಒಡೆಸಲೇಬೇಕಾ?

ಉತ್ತರ 1: ಬೇಡ ಸರ್. ಕಟ್ಟೆ ಅಲುಗಾಡದಿದ್ದರೆ ಅದರ ಮೇಲೇ 18 ಮಿ.ಮೀ. ಗ್ರಾನೈಟ್ ಕೂರಿಸಿ, ಎತ್ತರ ಒಂದಿಂಚು ಏರುತ್ತೆ, ಅಷ್ಟೆ. ಟೈಲ್ ಮೇಲೆ ಟೈಲ್ ಹಾಕೋಕೆ ಮುಂಚೆ ಹಳೇ ಟೈಲ್ಸನ್ನ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನ ಕಿತ್ತು ಗಾರೆ ತುಂಬಿಸಿ. ಬಿಸಿನೀರು, ವಾಷಿಂಗ್ ಸೋಡಾದಿಂದ ಜಿಡ್ಡು ಪೂರ್ತಿ ಹೋಗಬೇಕು. ಮೇಸ್ತ್ರಿ ಸಿಮೆಂಟಲ್ಲೇ ಅಂಟಿಸ್ತೀನಿ ಅಂದ್ರೆ ಒಪ್ಪಬೇಡಿ: ನುಣುಪು ಗ್ಲೇಜ್ ನೀರು ಹೀರಲ್ಲ, ಸಿಮೆಂಟ್ ಹಿಡಿಯಲ್ಲ. ಟೈಲ್ ಮೇಲೆ ಟೈಲ್‌ಗೆ ಅಂತಲೇ ಬರೋ ಪಾಲಿಮರ್ ಅಂಟು ತರಿಸಿ. ಸಂದಿ ತುಂಬೋದು ಮಾರನೇ ದಿನ. ಒಲೆಯ ಹಿಂದಿನ ಸಂದಿಗೆ ಎಪಾಕ್ಸಿ ಗ್ರೌಟ್ (ಜಿಡ್ಡು ಹೀರದ ರಾಳದ ಪೇಸ್ಟ್).

ಉತ್ತರ 2: ಟೈಲ್ಸ್‌ಗೂ ಮುಂಚೆ ವೈರಿಂಗ್ ಮುಗಿಸಿ. 2000 ವಾಟ್ ಇಂಡಕ್ಷನ್ ಒಲೆಗೆ ಪ್ರತ್ಯೇಕ ಲೈನ್: 4 ಚದರ ಮಿ.ಮೀ. ತಾಮ್ರದ ವೈರು, 16 ಆಂಪ್ ಸಾಕೆಟ್, 20 ಆಂಪ್ ಎಂಸಿಬಿ (ಲೋಡ್ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್).

ಉತ್ತರ 3: ಬಾಗಿಲು ಊದಿದ್ದಕ್ಕೆ ಮೂಲ ಹುಡುಕಿ. ಹೆಚ್ಚಾಗಿ ಸಿಂಕಿನ ವೇಸ್ಟ್ ಕಪ್ಲಿಂಗ್ (ನೀರು ಹೋಗೋ ತೂತಿಗೆ ಪೈಪ್ ಸೇರಿಸೋ ಭಾಗ) ವಾಷರ್ ಒಣಗಿ ಸೋರ್ತಿರುತ್ತೆ. ಅದನ್ನ ಬದಲಿಸದೆ ಹೊಸ ಬಾಗಿಲು ಹಾಕಿದ್ರೆ ಅದೂ ಊದುತ್ತೆ. ಸಿಂಕ್ ಕೆಳಗೆ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ), ಉಳಿದ ಕಡೆ ಐಎಸ್ 710 ಗುರುತಿನ ಮರೈನ್ (ನೀರು ತಡೆಯೋ) ಪ್ಲೈ ಸಾಕು. ಬಾಗಿಲಿನ ಕೆಳ ಅಂಚಿಗೂ ಎಡ್ಜ್ ಬ್ಯಾಂಡ್ (ಅಂಚು ಮುಚ್ಚೋ ಪಟ್ಟಿ) ಹಾಕಿಸಿ, ಬಡಗಿಗಳು ಬಿಟ್ಟುಬಿಡೋದು ಅಲ್ಲೇ.