ರಿಪೋರ್ಟ್ ಎಲ್ಲ ನಾರ್ಮಲ್, ಆದ್ರೂ ರಜೆ ಸರ್ಟಿಫಿಕೇಟ್: ಡಾಕ್ಟ್ರು ಯಾವ ಲೆಕ್ಕದಲ್ಲಿ ಬರೀತಾರೆ?

ಬೈಕಂಪಾಡಿ_ಎಚ್‌ಆರ್:

ನಮ್ಮದು ಗೇರುಬೀಜ ಕಾರ್ಖಾನೆ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು, ಎಲ್ಲರಿಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಉಂಟು. ಗ್ರೇಡಿಂಗ್, ಪ್ಯಾಕಿಂಗಿನಿಂದ ಬರುವ ಸರ್ಟಿಫಿಕೇಟ್‌ಗಳಲ್ಲಿ ಸುಮಾರು ಪಾಲು “ಸುಸ್ತು”, “ಮೈಕೈ ನೋವು”, “ತಲೆ ತಿರುಗುವುದು” ಎಂದಷ್ಟೇ ಇರ್ತದೆ. ರಕ್ತ, ಮೂತ್ರ, ಇಸಿಜಿ ಎಲ್ಲ ಸರಿಯಿದೆ ಅಂತ ಅವರೇ ಹೇಳ್ತಾರೆ. ಒಂದೇ ತರದ ತೊಂದರೆಗೆ ಒಬ್ಬ ಡಾಕ್ಟ್ರು 3 ದಿನ ಬರೆದರೆ ಇನ್ನೊಬ್ಬರು 3 ವಾರ ಬರೀತಾರೆ. ಯಾರೋ ನಾಟಕ ಮಾಡ್ತಾರೆ ಅಂತ ನನ್ನ ಮಾತಲ್ಲ. ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ರಜೆ ಬೇಕೋ ಬೇಡವೋ, ಬೇಕಾದರೆ ಎಷ್ಟು ದಿನ ಅಂತ ಯಾವ ಆಧಾರದಲ್ಲಿ ತೀರ್ಮಾನ ಮಾಡ್ತಾರೆ? ನಮ್ಮ ಕಡೆಯಿಂದ ಏನು ಕೇಳಬಹುದು?

ಉಡುಪಿ_ಜಿಪಿ:

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ರೋಗ ಯಾವುದು ಎಂಬುದು ಒಂದು. ಈ ವಾರ ಈ ಕೆಲಸ ಮಾಡ್ಲಿಕ್ಕೆ ಆಗ್ತದಾ ಎಂಬುದು ಇನ್ನೊಂದು. ಸರ್ಟಿಫಿಕೇಟ್ ಎರಡನೆಯದಕ್ಕೆ ಉತ್ತರ. ಪಾದದ ಎಲುಬು ಮುರಿದವರೂ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಿಯಾರು. ಎಕ್ಸ್‌ರೇ ಸರಿಯಿದ್ದೂ ಬೆನ್ನು ಬಗ್ಗದವರಿಗೆ ಮಲ್ಪೆ ಧಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತಲಿಕ್ಕೆ ಆಗುವುದಿಲ್ಲ.

ರಜೆಯ ಮಾತಿಗೆ ಮೊದಲು ಅಪಾಯದ ಲಕ್ಷಣ ನೋಡಬೇಕು: ತೂಕ ಇಳಿಯುವುದು, ರಾತ್ರಿ ಬೆವರು, ಬಿಡದ ಜ್ವರ, ಮಲದಲ್ಲಿ ರಕ್ತ, ನಾಲ್ಕು ಹೆಜ್ಜೆಗೆ ಏದುಸಿರು, ಕೈಕಾಲಿನಲ್ಲಿ ಬಲ ಕಡಿಮೆಯಾಗುವುದು. ಇವು ಇಲ್ಲದ ಸುಸ್ತಿಗೆ ರಕ್ತಕಣಗಳ ಎಣಿಕೆ, ಇಎಸ್‌ಆರ್ (ಉರಿಯೂತದ ಸುಳಿವು), ಸಕ್ಕರೆ, ಟಿಎಸ್‌ಎಚ್ (ಥೈರಾಯ್ಡ್), ಕ್ರಿಯೇಟಿನಿನ್ (ಕಿಡ್ನಿ), ಲಿವರ್, ಮೂತ್ರ ಇಷ್ಟು ಸಾಮಾನ್ಯವಾಗಿ ಸಾಕು. ಸಸ್ಯಾಹಾರಿಗಳಿಗೆ ಬಿ12, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರಿಗೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು) ಸೇರಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಹಿಡಿದಿರುವುದು ಉಂಟು. ಅಂಥಲ್ಲಿ “ಎಲ್ಲ ನಾರ್ಮಲ್” ಎಂಬ ಮಾತೇ ಸರಿಯಲ್ಲ. ನಮ್ಮ ಊರಲ್ಲಿ ಮಳೆಗಾಲದ ಜ್ವರ ಬಂದು ಹೋಗಿದೆಯಾ ಅಂತ ಕೇಳಲೇಬೇಕು. ಡೆಂಗ್ಯೂ ಬಿಟ್ಟ ಮೇಲೂ ಸುಸ್ತು ಕೆಲವು ವಾರ ಇರಬಹುದು, ಚಿಕೂನ್‌ಗುನ್ಯಾದ ಗಂಟುನೋವು ತಿಂಗಳುಗಟ್ಟಲೆ ಎಳೆಯಬಹುದು.

ಅಷ್ಟಾದ ಮೇಲೂ ಪರೀಕ್ಷೆ ಬರೆಯುತ್ತಾ ಹೋಗುವುದು ನನ್ನ ಪ್ರಕಾರ ಹಾನಿಯೇ. ನೋವೇ ಇಲ್ಲದವರ ಎಂಆರ್‌ಐಯಲ್ಲೂ “ಡಿಸ್ಕ್ ಬಲ್ಜ್” (ಬೆನ್ನೆಲುಬಿನ ನಡುವಿನ ಮೆತ್ತೆ ಉಬ್ಬಿರುವುದು) ಕಾಣ್ತದೆ. ಆ ಕಾಗದ ಕೈಗೆ ಬಂದ ದಿನದಿಂದ ಮನುಷ್ಯ ಬಗ್ಗುವುದನ್ನೇ ಬಿಡ್ತಾನೆ.

ಆಮೇಲೆ ಕೆಲಸದ ವಿವರ. “ಗೇರುಬೀಜದ ಫ್ಯಾಕ್ಟರಿ” ಅಂದರೆ ಸಾಲದು. ಗ್ರೇಡಿಂಗಿನವರು ಟ್ಯೂಬ್‌ಲೈಟಿನ ಕೆಳಗೆ ತಲೆ ಬಗ್ಗಿಸಿ ಡಬ್ಲ್ಯೂ-240, ಡಬ್ಲ್ಯೂ-320 ಅಂತ ಗಾತ್ರ ನೋಡಿ ಬೀಜ ಬೇರೆ ಮಾಡ್ತಾರೆ. ಕಣ್ಣು, ಕುತ್ತಿಗೆ, ಗಮನ ಬೇಕು, ಭಾರ ಇಲ್ಲ. ಪ್ಯಾಕಿಂಗಿನವರು ನಿಂತುಕೊಂಡು 11.34 ಕೆಜಿಯ ಟಿನ್ ಎತ್ತಿ ಇಡಬೇಕು. ಎದ್ದು ನಿಂತಾಗ ತಲೆ ತಿರುಗುವವರಿಗೆ ಪ್ಯಾಕಿಂಗ್ ಅಪಾಯ, ಗ್ರೇಡಿಂಗ್ ನಡೆದೀತು. ಕುತ್ತಿಗೆ ನೋವಿನವರಿಗೆ ಲೆಕ್ಕ ಉಲ್ಟಾ. ಜೊತೆಗೆ ಮನೆಯ ಕತೆ: ಬಾವಿಯಿಂದ ನೀರು ಸೇದ್ತಾರಾ, ಅಡುಗೆ ಒಂದೇ ಸಲ ಮುಗೀತದಾ ಅಥವಾ ಮಧ್ಯೆ ಕೂರಬೇಕಾ, ಬಸ್ಸಲ್ಲಿ ನಿಂತು ಬರ್ಲಿಕ್ಕೆ ಆಗ್ತದಾ, ನಿದ್ರೆ ಎಷ್ಟು ಗಂಟೆ. ಈ ಉತ್ತರಗಳು ಒಂದಕ್ಕೊಂದು ತಾಳೆಯಾಗ್ತವಾ ಅಂತ ನೋಡುವುದೇ ಇಲ್ಲಿ ಮುಖ್ಯ ಪರೀಕ್ಷೆ.

ದಿನದ ಲೆಕ್ಕಕ್ಕೆ ನಾನು ಇಟ್ಟುಕೊಂಡ ಮಿತಿ ಮೊದಲ ಸಲ 3ರಿಂದ 5 ದಿನ, ಹೆಚ್ಚೆಂದರೆ ಒಂದು ವಾರ, ಪುನಃ ತೋರಿಸುವ ತಾರೀಖು ಅದರಲ್ಲೇ. ಕಾರಣ ಗೊತ್ತಿಲ್ಲದೆ 3 ವಾರ ಒಟ್ಟಿಗೆ ಬರೆದರೆ ಮಲಗಿ ಮಲಗಿ ಸ್ನಾಯು ಸೊರಗ್ತದೆ, ಹಗಲಿನ ನಿದ್ರೆ ರಾತ್ರಿಯದನ್ನು ಕೆಡಿಸ್ತದೆ, “ಇನ್ನು ನನ್ನಿಂದಾಗದು” ಎಂಬ ಹೆದರಿಕೆ ಗಟ್ಟಿಯಾಗ್ತದೆ. ಮತ್ತೆ ಯಾಕೆ ಬರೀತಾರೆ ಅಂದರೆ, ನೋವು ಇಲ್ಲ ಅಂತ ಸಾಧಿಸುವ ಯಂತ್ರ ಯಾರ ಹತ್ತಿರವೂ ಇಲ್ಲ. ಇಲ್ಲ ಅಂದರೆ ಅವರು ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರೆ, ಅಲ್ಲಿ ಮೊದಲಿನಿಂದ ಎಲ್ಲ ಪರೀಕ್ಷೆ. ಮೇಲಿಂದ ಸಂಜೆಯ ಗರ್ದಿ. ಹಿಂದಿನ ತಾರೀಖು ಹಾಕಿ ಕೊಡುವುದು ಮಾತ್ರ ಯಾವ ಲೆಕ್ಕದಲ್ಲೂ ಸಲ್ಲ. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ದುರ್ನಡತೆ.

ಕ್ಲೇಮ್_ಗುಮಾಸ್ತ:

ಡಾಕ್ಟ್ರು ಹೇಳಿದ್ದಕ್ಕೆ ಹಣದ ಬದಿ ಸೇರಿಸ್ತೇನೆ, ಅರ್ಧ ಗೊಂದಲ ಅಲ್ಲೇ ಇರುವುದು.

ಇಎಸ್‌ಐಯಲ್ಲಿ ಸಿಕ್‌ನೆಸ್ ಬೆನಿಫಿಟ್ (ಕಾಯಿಲೆ ರಜೆಗೆ ಸಿಗುವ ಹಣ) ದಿನದ ಸರಾಸರಿ ಕೂಲಿಯ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದಕ್ಕೆ ಸಂಬಂಧಪಟ್ಟ 6 ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಮೊದಲ 2 ದಿನಕ್ಕೆ ಹಣ ಇಲ್ಲ. ದಿನಕ್ಕೆ 500 ರೂಪಾಯಿ ಕೂಲಿಯವರು 7 ದಿನ ರಜೆ ಮಾಡಿದರೆ 5 ದಿನಕ್ಕೆ 350ರಂತೆ 1,750 ರೂಪಾಯಿ. ದುಡಿದಿದ್ದರೆ 3,500. ಲಾಭಕ್ಕೆ ರಜೆ ಮಾಡ್ತಾರೆ ಅನ್ನುವ ಸೂಪರ್‌ವೈಸರ್‌ಗಳು ಈ ಲೆಕ್ಕ ಒಮ್ಮೆ ಹಾಕಿ ನೋಡ್ಲಿ ಮಾರಾಯ್ರೇ.

ಹಿಂದಿನ ರಜೆ ಮುಗಿದು 15 ದಿನದೊಳಗೆ ಮತ್ತೆ ಹುಷಾರು ತಪ್ಪಿದರೆ ಆ 2 ದಿನದ ಕಡಿತ ಇಲ್ಲ. ಹಾಗಂತ ಬೇಗ ಬೇಗ ಬಂದ ಎರಡು ಸರ್ಟಿಫಿಕೇಟ್ ನೋಡಿದ ಕೂಡಲೇ ಸಂಶಯಪಡಬೇಡಿ. ಪೂರ್ತಿ ಗುಣವಾಗದೆ ಕೆಲಸಕ್ಕೆ ಬಂದವರದ್ದೂ ಹಾಗೆಯೇ ಕಾಣ್ತದೆ.

ಖಾಸಗಿ ಡಾಕ್ಟರರ ಕಾಗದ ಬೆನಿಫಿಟ್‌ಗೆ ನೇರ ನಡೆಯುವುದಿಲ್ಲ. ಇಎಸ್‌ಐ ವೈದ್ಯರದ್ದು ಬೇಕು. ಬೇರೆ ಪುರಾವೆ ಕೊಟ್ಟರೆ ಒಪ್ಪುವುದು ಬಿಡುವುದು ಇಎಸ್‌ಐ ಕಚೇರಿಗೆ ಸೇರಿದ್ದು. ಹೆಚ್ಚು ದಿನಕ್ಕೆ ಸಿಗುವ ವಿಸ್ತೃತ ಬೆನಿಫಿಟ್ 34 ರೋಗಗಳ ಪಟ್ಟಿಗೆ ಮಾತ್ರ. ಕ್ಷಯ, ಕ್ಯಾನ್ಸರ್ ಅದರಲ್ಲಿ ಉಂಟು, ಕಾರಣ ಸಿಗದ ಸುಸ್ತು ಇಲ್ಲ. ಬೆನಿಫಿಟ್ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ದೊಡ್ಡ ತೊಡಕು ಇದು: ಅರ್ಧ ದಿನ ದುಡಿದು ಕೂಲಿ ಪಡೆದರೆ ಆ ದಿನದ ಬೆನಿಫಿಟ್ ಹೋಯ್ತು. “ಸ್ವಲ್ಪ ಕೆಲಸ ಮಾಡಬಲ್ಲರು” ಅಂತ ಬರೆಯಲಿಕ್ಕೆ ಡಾಕ್ಟ್ರಿಗೆ ಮನಸ್ಸಿದ್ದರೂ ಬರೆದರೆ ನಷ್ಟ ಕೆಲಸದವರಿಗೆ. ಹಾಗಾಗಿ ಪೂರ್ತಿ ರಜೆ, ಇಲ್ಲವೇ ಪೂರ್ತಿ ಡ್ಯೂಟಿ.

ಮಣಿಪಾಲ_ಸೈಕ್:

ಮೇಲಿನ ಕೊನೆಯ ಮಾತಿಗೆ ಹೊರಗಿನ ಉದಾಹರಣೆ ಉಂಟು. ಬ್ರಿಟನ್ನಿನಲ್ಲಿ 2010ರಿಂದ “ಸಿಕ್ ನೋಟ್” ಬದಲು “ಫಿಟ್ ನೋಟ್”. ಹಂತಹಂತವಾಗಿ ವಾಪಸಾಗುವುದು, ಸಮಯ ಬದಲು, ಕೆಲಸ ಬದಲು, ಜಾಗದ ಮಾರ್ಪಾಡು ಎಂಬ ನಾಲ್ಕರಲ್ಲಿ ಬೇಕಾದ್ದಕ್ಕೆ ಡಾಕ್ಟ್ರು ಗುರುತು ಹಾಕ್ತಾರೆ. ಸ್ವೀಡನ್ನಿನಲ್ಲಿ ಶೇ. 25, 50, 75 ಅಂತ ಭಾಗಶಃ ರಜೆ, ನಾರ್ವೆಯಲ್ಲಿ ಶೇ. 20ರಿಂದ ಮೇಲಕ್ಕೆ. ನಮ್ಮಲ್ಲಿ ಆ ಕಾಗದ ಇಲ್ಲದಿದ್ದರೂ ಪೂರ್ತಿ ಕೂಲಿ ಕೊಟ್ಟು ಎರಡು ವಾರ ಹಗುರ ಕೆಲಸಕ್ಕೆ ಹಾಕುವುದನ್ನು ಯಾವ ಕಾನೂನೂ ತಡೆಯುವುದಿಲ್ಲ.

ನಮ್ಮ ಮನೋವೈದ್ಯ ವಿಭಾಗದ ಬಗ್ಗೆ ಒಂದು ತಪ್ಪು ಕಲ್ಪನೆ. ರಿಪೋರ್ಟ್ ನಾರ್ಮಲ್ ಬಂದ ಕೂಡಲೇ “ಇದು ಮಾನಸಿಕ” ಅಂತ ಕಳಿಸ್ತಾರೆ. 2013ರ ಡಿಎಸ್‌ಎಂ-5 (ಮಾನಸಿಕ ರೋಗನಿರ್ಣಯದ ಅಮೆರಿಕದ ಕೈಪಿಡಿ) ನಂತರ ಕಾರಣ ಸಿಗಲಿಲ್ಲ ಎಂಬುದು ಮಾತ್ರ ನಮ್ಮಲ್ಲಿ ರೋಗನಿರ್ಣಯಕ್ಕೆ ಆಧಾರವೇ ಅಲ್ಲ. ಲಕ್ಷಣದ ಬಗ್ಗೆ ಅತಿಯಾದ ಚಿಂತೆ, ಅದರ ಹಿಂದೆ ಹೋಗುವ ಸಮಯ, ಬದುಕು ಎಷ್ಟು ಅಡ್ಡಾದಿಡ್ಡಿಯಾಗಿದೆ ಅಂತ ನೋಡ್ತೇವೆ. ಹಾಗೆಂದು ಖಿನ್ನತೆ ತಪ್ಪಿಹೋಗಬಾರದು. “ಬೇಜಾರು” ಅಂತ ಹೇಳಿಕೊಂಡು ಬರುವವರಿಗಿಂತ “ಬಚ್ಚೆಲ್” (ತುಳುವಿನಲ್ಲಿ ಸುಸ್ತು) ಅಂತ ಬರುವವರೇ ಜಾಸ್ತಿ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತಾ, ಯಾವುದರಲ್ಲೂ ಆಸಕ್ತಿ ಇಲ್ಲವಾ ಎಂಬ ಎರಡು ಪ್ರಶ್ನೆ ಕೇಳಲಿಕ್ಕೆ ಒಂದು ನಿಮಿಷ ಸಾಕು. ಮಗಳು, ಸೊಸೆ ಹೊರಗೆ ಕಾಯುವಾಗ ಕೇಳಿ. ಮನೆಯಲ್ಲಿ ಕುಡಿತ, ಸಾಲ, ಸೂಪರ್‌ವೈಸರನ ಬಾಯಿ, ಇದೆಲ್ಲ ಆಗ ಹೊರಬರ್ತದೆ. ರಜೆಯಿಂದ ಪರಿಹಾರ ಆಗದ್ದಕ್ಕೆ ರಜೆ ಬರೆಯುತ್ತಾ ಹೋಗುವುದು ಅಲ್ಲಿಗೆ ನಿಲ್ತದೆ.

ಜಿಪಿ ಡಾಕ್ಟ್ರೇ, “ಮಲಗಿದರೆ ಕೆಡ್ತದೆ” ಎಂಬುದಕ್ಕೆ ಒಂದು ಅಪವಾದ ಸೇರಿಸಿ. ಸ್ವಲ್ಪ ಶ್ರಮಕ್ಕೇ ಮರುದಿನ ಅಥವಾ ಅದರ ಮರುದಿನ ಪೂರ್ತಿ ಕುಸಿಯುವವರಿದ್ದಾರೆ. ಅದು ಎಂಇ/ಸಿಎಫ್‌ಎಸ್ (ದೀರ್ಘಕಾಲದ ಸುಸ್ತಿನ ಕಾಯಿಲೆ) ಇರಬಹುದು. ದಿನಾ ಇಷ್ಟಿಷ್ಟು ಹೆಚ್ಚಿಸುತ್ತಾ ಹೋಗುವ ವ್ಯಾಯಾಮವನ್ನು ಇದಕ್ಕೆ ಕೊಡಬೇಡಿ ಅಂತ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೇಳಿದೆ. ಕೆಲಸ ಮಾಡಿದ ದಿನ ಹೇಗಿತ್ತು ಅಂತ ಕೇಳಿದರೆ ಸಿಗುವುದಿಲ್ಲ, ಎರಡು ದಿನ ಬಿಟ್ಟು ಹೇಗಿತ್ತು ಅಂತ ಕೇಳಬೇಕು.

ಬೈಕಂಪಾಡಿ_ಎಚ್‌ಆರ್:

ತುಂಬ ಉಪಕಾರ. ಹಾಗಾದರೆ ರೋಗದ ಹೆಸರು ಬರೆದು ಕೊಡಿ ಅಂತ ಡಾಕ್ಟ್ರಿಗೆ ಪತ್ರ ಬರೆಯಬಹುದಾ?

ಉಡುಪಿ_ಜಿಪಿ:

ಬೇಡ. ರೋಗಿಯ ಒಪ್ಪಿಗೆ ಇಲ್ಲದೆ ನಾವು ಹೇಳುವ ಹಾಗಿಲ್ಲ. ಸರ್ಟಿಫಿಕೇಟ್ ನಮ್ಮಿಂದಲೇ ಹೋದದ್ದಾ ಅಂತ ಮಾತ್ರ ಕೇಳಿ. ರಿಜಿಸ್ಟರ್ ಮತ್ತು ಪ್ರತಿ ಇಟ್ಟುಕೊಳ್ಳಬೇಕು ಎಂಬ ನಿಯಮ ಇರುವುದರಿಂದ ಅದಕ್ಕೆ ಉತ್ತರ ಸಿಗ್ತದೆ. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಗುರುತಿನ ಮಚ್ಚೆ, ಡಾಕ್ಟರರ ನೋಂದಣಿ ಸಂಖ್ಯೆ ಇಲ್ಲದ ಕಾಗದ ಬಂದರೆ ಸರಿಮಾಡಿಸಿ ತರಲಿಕ್ಕೆ ಹೇಳಿ.

ಉಪಯೋಗಕ್ಕೆ ಬರುವ ಪತ್ರ ಬೇರೆ: ಅವರ ಕೆಲಸ ಏನು, ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಭಾರ, ಬದಲಿಗೆ ಯಾವ ಹಗುರ ಕೆಲಸ ಕೊಡಬಹುದು ಅಂತ ಅರ್ಧ ಪುಟ ಬರೆದು ಅವರ ಕೈಯಲ್ಲೇ ಕೊಟ್ಟು ಕಳಿಸಿ. ಅದು ಮೇಜಿನ ಮೇಲಿದ್ದರೆ 3 ವಾರದ ಬದಲು “5 ದಿನ ರಜೆ, ನಂತರ 2 ವಾರ ಗ್ರೇಡಿಂಗ್ ಮಾತ್ರ, ಟಿನ್ ಎತ್ತುವುದು ಬೇಡ” ಅಂತ ಬರೆಯಲಿಕ್ಕೆ ನಮಗೆ ಧೈರ್ಯ ಬರ್ತದೆ. ಪ್ಯಾಕಿಂಗ್ ಸೂಪರ್‌ವೈಸರಿಗೆ ಮೊದಲೇ ತಿಳಿಸಿಡಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ಅವರನ್ನು ಟಿನ್ನಿನ ಹತ್ತಿರ ಕರೀತಾರೆ.