ಸಮಸ್ಯೆ: ಹೆಜ್ಜೆಯ ಜಾಡೆಲ್ಲ ತನ್ನ ಮನೆಗೇ ಬಂತೈ

ಓಲೆಗರಿ: ಈ ವಾರದ ಕಂದ (ನಾಲ್ಕು ಸಾಲಿನ ಹಳೆಗನ್ನಡ ಪದ್ಯ): ಕೊನೆಯ ಸಾಲು ಮೇಲಿದೆ, ಮೊದಲ ಮೂರು ನೀವು ಕಟ್ಟಿ. ದಣಿದ ಪತ್ತೇದಾರ, ಒಬ್ಬೊಬ್ಬರಾಗಿ ಕಾಣೆಯಾಗುವ ಹುಡುಗಿಯರು, ಕೊನೆಗೆ ಕೇಸು ಅವನ ಮನೆಯದೇ, ಮಗಳದೇ. ಕನಸು, ದೆವ್ವ ಅಂತ ಜಾರಿಕೊಳ್ಳುವ ಹಾಗಿಲ್ಲ.

ಬಿಡುನುಡಿ:
ಕಜ್ಜದ ದಣಿವಿಂ ಕುಗ್ಗುತೆ
ಗೆಜ್ಜೆಯದೊಂದಿರಲು ಕೈಯೊಳೂರೂರಲೆದಂ
ಸಜ್ಜೆಯೊಳದಱೆಣೆ ದೊರೆಯಲ್
ಹೆಜ್ಜೆಯ ಜಾಡೆಲ್ಲ ತನ್ನ ಮನೆಗೇ ಬಂತೈ

ಕೊರೆಗಣ್ಣ: ಸಜ್ಜೆಯೊಳಗೆ ಸಿಕ್ಕಿತೇ? ಹೊಲದಲ್ಲೋ, ರೊಟ್ಟಿ ಹಿಟ್ಟಿನಲ್ಲೋ?

ಬಿಡುನುಡಿ: ಶಯ್ಯೆಯ ತದ್ಭವ ಸ್ವಾಮಿ. ಸಜ್ಜೆವನೆ ಅಂದರೆ ಮಲಗುವ ಮನೆ. ಗೆಜ್ಜೆಯ ಎಣೆ, ಅಂದರೆ ಜೋಡಿ, ಸಿಕ್ಕಿದ್ದು ಅಲ್ಲಿ. ನಿಘಂಟು ಮುಟ್ಟಿ ಎಷ್ಟು ದಿನವಾಯಿತು?

ಕೊರೆಗಣ್ಣ: ಕೊಪ್ಪಳ, ವಿಜಯಪುರದ ಕಡೆಯವರಿಗೆ ಮೊದಲು ಹೊಳೆಯುವುದು ಧಾನ್ಯವೇ. ತದ್ಭವ ಅಂತಲೇ ಇಟ್ಟುಕೊಳ್ಳೋಣ, ಯಾರ ಸಜ್ಜೆ? ಮಗಳ ಸುಳಿವೇ ಪದ್ಯದಲ್ಲಿಲ್ಲ. ಹೋದ ಸಲವೂ ಅರ್ಧ ಅರ್ಥವನ್ನು ಟಿಪ್ಪಣಿಗೆ ಬಿಟ್ಟಿದ್ದಿರಿ.

ತುಂಬೆ: ಹೊಸಗನ್ನಡದ "ಬಂತೈ" ಪಕ್ಕದಲ್ಲಿ ಹಳೆಗನ್ನಡದ ಶಕಟರೇಫ (ಱ) ಕೂತಿರುವುದು ಇಬ್ಬರ ಕಣ್ಣಿಗೂ ಬೀಳಲಿಲ್ಲವೇ?

ಓಲೆಗರಿ: ಸಾಲು ಕೊಟ್ಟವನು ನಾನು, ನನ್ನನ್ನೇ ಬೈಯಿರಿ. ಹೆಜ್ಜೆಯನ್ನು ಹಳೆಗನ್ನಡದಲ್ಲೇ ಪಜ್ಜೆ ಅಂತ ಕೊಟ್ಟಿದ್ದರೆ ಅರ್ಧ ಜನ ಬರುತ್ತಲೇ ಇರಲಿಲ್ಲ.

ಲಾಠಿಕವಿ: ಗೆಜ್ಜೆ ಹಿಡಿದು ಊರೂರು ಅಲೆದರೆ ಕೋರ್ಟಿನಲ್ಲಿ ಕೇಸು ಬಿತ್ತು ಅಂತಲೇ. ಇಬ್ಬರು ಪಂಚರ (ಸಾಕ್ಷಿಗಳ) ಮುಂದೆ ಮಹಜರು, ಸೀಲು, ಮುದ್ದೆಮಾಲು (ಜಪ್ತಿಯಾದ ವಸ್ತು). 2024ರ ಜುಲೈ 1ರಿಂದ ಜಪ್ತಿಯ ವಿಡಿಯೊ ಕೂಡ ಬೇಕು. ಊರಿಗೆ ಒಯ್ಯುವುದು ಫೋಟೊ ಮಾತ್ರ. ಹೆಜ್ಜೆ ಗುರುತೂ ಹಾಗೇ: ಸುತ್ತ ಹಗ್ಗ ಕಟ್ಟಿ, ಪಕ್ಕ ಸ್ಕೇಲಿಟ್ಟು, ನೇರ ಮೇಲಿಂದ ಫೋಟೊ. ಆಮೇಲೆ ಪ್ಲಾಸ್ಟರ್, ಅದನ್ನೂ ಅಂಚಿನಿಂದ ಹರಿಯಬಿಡಬೇಕು. ಮೇಲಿಂದ ಸುರಿದರೆ ಅಟ್ಟೆಯ ಗೆರೆ ಅಳಿಸಿಹೋಗತ್ತೆ. ಹಗ್ಗ ಕಟ್ಟುವುದನ್ನೇ ಮರೆತು ಕೆಸರಲ್ಲಿ ತನ್ನದೇ ಹೆಜ್ಜೆ ಮೂಡಿಸಿದವನ ಪಾಡು ಇದು:
ಉಜ್ಜುಗಿ ತುೞಿದಂ ಕೆಸರಂ
ಬಿಜ್ಜೆಯ ಮಱೆತಚ್ಚುಗೊಂಡುದವನಡಿ ಮೊದಲೊಳ್
ಸಜ್ಜಿತಮಾ ನಾಯ್ ಮೂಸಲ್
ಹೆಜ್ಜೆಯ ಜಾಡೆಲ್ಲ ತನ್ನ ಮನೆಗೇ ಬಂತೈ

ತುಂಬೆ: ಚೊಕ್ಕ.

ಕೊರೆಗಣ್ಣ: ಮೂಸಿದ್ದು ನಾಯಿ. ಹಾಗಾದರೆ "ತನ್ನ ಮನೆ" ನಾಯಿಗೂಡು.

ಲಾಠಿಕವಿ: ಮೊದಲ ಸಾಲಿನಲ್ಲಿ ಉಜ್ಜುಗಿ (ಉದ್ಯೋಗಿ, ಇಲ್ಲಿ ಪತ್ತೇದಾರ) ನಿಂತಿದ್ದಾನೆ, ನೋಡಿ. ನಾಯಿ ಬಂದದ್ದು ಸತಿಸಪ್ತಮಿಯಲ್ಲಿ: "ಮೂಸಲ್", ಅಂದರೆ ನಾಯಿ ಮೂಸಲಾಗಿ.

ಕೊರೆಗಣ್ಣ: "ತನ್ನ" ಹತ್ತಿರದವರನ್ನೇ ಹಿಡಿಯುತ್ತದೆ. ಸತಿಸಪ್ತಮಿ ನನಗೂ ಗೊತ್ತು.

ಓಲೆಗರಿ: ವ್ಯಾಕರಣ ಏನೇ ಇರಲಿ, ಮಗಳು ಎಲ್ಲಿ? ನಾನು ಕೇಳಿದ್ದು ಕರುಳಿನ ಕೇಸು, ಇದು ನಗೆಪದ್ಯ.

ಬಿಡುನುಡಿ: ನನ್ನ ಮೂರನೆಯ ಸಾಲು ತಿದ್ದಿದೆ:
ಸಜ್ಜೆಯೊಳೆಣೆ, ಮಗಳಿಲ್ಲಾ!

ತುಂಬೆ: ಕೊನೆಯ "ಲ್ಲಾ" ದೀರ್ಘ ಮಾಡಿದ್ದು ಪಾದ ತುಂಬಿಸಲಿಕ್ಕಲ್ಲವೇ?

ಬಿಡುನುಡಿ: ಅಪ್ಪ ಕೂಗಿದ್ದು. ಹ್ರಸ್ವದಲ್ಲಿ ಕೂಗಿ ತೋರಿಸಿ.

ಕೊರೆಗಣ್ಣ: ಹೂಂ. ಸಜ್ಜೆ ಮಾತ್ರ ಇನ್ನೂ ರೊಟ್ಟಿಯದೇ.