ಹ್ಯಾಂಡಲ್ ಬ್ಯಾಗ್ ಎಷ್ಟು ಬಿಗಿದರೂ ಜಾರುತ್ತಿದೆ, ಟೈರಿಗೆ ತಾಗುತ್ತಿದೆ

ನಿಧಾನಸವಾರಿ:

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಸೈಕಲ್ ಹ್ಯಾಂಡಲ್‌ಗೆ ಕಟ್ಟುವ ಬ್ಯಾಗ್ ತಗೊಂಡೆ. ಉದ್ದನೆಯ ದಿಂಬಿನ ಥರ ಇದೆ. ಎರಡು ಬೆಲ್ಟ್ ಹ್ಯಾಂಡಲ್‌ಗೆ ಸುತ್ತಿ ಬಕಲ್‌ನಲ್ಲಿ ಎಳೆದರೆ ಮುಗಿಯಿತು. ಅಂದರೆ, ಮುಗಿಯಿತು ಅಂದುಕೊಂಡಿದ್ದೆ.

ಹೊರಡುವಾಗ ಗಟ್ಟಿಯಾಗಿ ಕೂತಿರುತ್ತದೆ. ಅರ್ಧ ಗಂಟೆ ಓಡಿಸಿ ನೋಡಿದರೆ ಕೆಳಗೆ ಜಾರಿ ಜೋತು ಬಿದ್ದಿರುತ್ತದೆ. ಮೊನ್ನೆ ಇಳಿಜಾರಿನಲ್ಲಿ ಗುಂಡಿಯೊಂದಕ್ಕೆ ಇಳಿದಾಗ ಚರ್ರ್ ಅಂತ ಸದ್ದು ಬಂತು. ನಿಲ್ಲಿಸಿ ನೋಡಿದೆ. ಬ್ಯಾಗಿನ ತಳ ಟೈರಿಗೆ ಉಜ್ಜಿ ಕಪ್ಪಾಗಿದೆ, ಒಂದು ಕಡೆ ಬಟ್ಟೆಯ ಎಳೆ ಬಿಟ್ಟುಕೊಂಡಿದೆ. ಎದೆ ಧಸಕ್ ಅಂತು.

ಇನ್ನೊಂದು ವಿಚಿತ್ರ ಇದೆ. ಬ್ಯಾಗ್ ಕಟ್ಟಿದಾಗಿನಿಂದ ಹ್ಯಾಂಡಲ್ ಬಲಕ್ಕೆ ಜಾಸ್ತಿ ತಿರುಗಿಸಿದರೆ ಹಿಂದಿನ ಗೇರ್ ತಾನಾಗಿಯೇ ಬದಲಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ನೇರ ಹ್ಯಾಂಡಲ್, ಮುಂದೆ ಸಸ್ಪೆನ್ಶನ್ ಫೋರ್ಕ್ (ಚಕ್ರ ಹಿಡಿಯುವ, ಗುಂಡಿಗೆ ಕುಗ್ಗುವ ಕವೆ). ಬ್ಯಾಗಿನಲ್ಲಿ ರೇನ್‌ಕೋಟ್, ಪಂಪ್, ಟ್ಯೂಬ್, ಸಣ್ಣ ಕ್ಯಾಮೆರಾ, ನೀರಿನ ಬಾಟಲಿ. ತೂಗಿದೆ, 3 ಕೆ.ಜಿ. ಇದೆ. ಬೆಲ್ಟ್ ಕೈ ನೋಯುವಷ್ಟು ಎಳೆದಾಯಿತು. ಕೇಬಲ್ ಟೈ ಕೂಡ ಹಾಕಿದ್ದೆ, ಎರಡನೇ ದಿನ ಕಟ್ ಆಯಿತು. ಏನು ತಪ್ಪು ಮಾಡುತ್ತಿದ್ದೇನೆ?

ಚೈನ್‌ಎಣ್ಣೆ:

ಪಂಕ್ಚರ್ ಆದ ಹಳೆ ಟ್ಯೂಬ್ ಇದ್ದರೆ ಎರಡು ತುಂಡು ಕತ್ತರಿಸಿ ಹ್ಯಾಂಡಲ್‌ಗೆ ಸುತ್ತಿ, ಅದರ ಮೇಲೆ ಬೆಲ್ಟ್ ಬಿಗಿಯಿರಿ. ರಬ್ಬರ್ ಹಿಡಿದುಕೊಳ್ಳುತ್ತದೆ. ನುಣುಪಾದ ಅಲ್ಯೂಮಿನಿಯಂ ಮೇಲೆ ನೈಲಾನ್ ಬೆಲ್ಟ್ ಎಷ್ಟು ಎಳೆದರೂ ಜಾರುತ್ತದೆ. ನಾನು ಹಾಗೇ ಮಾಡಿ ಎರಡು ವರ್ಷ ಆಯಿತು, ತೊಂದರೆ ಇಲ್ಲ.

ಹಳೇಪೆಡಲ್:

ರಬ್ಬರ್ ಸುತ್ತುವುದು ಒಳ್ಳೆಯದೇ, ಅದನ್ನು ಮಾಡಿ. ಆದರೆ ಇಲ್ಲಿ ಅದೊಂದೇ ಸಾಲದು ಅನಿಸುತ್ತದೆ. ಕೆಲವು ವಿಷಯ ನೋಡಿ ಹೇಳಿ ಸರ್.

ಬೆಲ್ಟ್ ಹ್ಯಾಂಡಲ್‌ನ ಯಾವ ಜಾಗದಲ್ಲಿದೆ? ಸ್ಟೆಮ್ (ಹ್ಯಾಂಡಲನ್ನು ನಡುವೆ ಹಿಡಿದಿರುವ ತುಂಡು) ಪಕ್ಕದ ದಪ್ಪ ಭಾಗದಲ್ಲೋ, ಅಲ್ಲಿಂದ ಹೊರಗೆ ಸಣ್ಣದಾಗುತ್ತಾ ಹೋಗುವ ಇಳಿಜಾರಿನಲ್ಲೋ? ಯಾರೂ ಕೂರದೆ ಸೈಕಲ್ ನಿಲ್ಲಿಸಿದಾಗ ಬ್ಯಾಗಿನ ತಳದಿಂದ ಟೈರಿಗೆ ಎಷ್ಟು ಅಂತರ? ಫೋರ್ಕ್ ಎಷ್ಟು ಕುಗ್ಗುತ್ತದೆ? ಬ್ರೇಕ್, ಗೇರ್ ಕೇಬಲ್‌ಗಳು ಬ್ಯಾಗಿನ ಹಿಂದೆ ಒತ್ತಿಕೊಂಡಿವೆಯಾ? ಮತ್ತೆ, ಇಂಥ ಬ್ಯಾಗ್ ಜೊತೆ ಸಾಮಾನ್ಯವಾಗಿ ಮೂರನೇ ಬೆಲ್ಟ್ ಒಂದು ಬರುತ್ತದೆ, ತೆಳ್ಳಗೆ. ಅದೆಲ್ಲಿದೆ?

ನಿಧಾನಸವಾರಿ:

ಮೂರನೇ ಬೆಲ್ಟ್ ಇತ್ತು! ಹೆಗಲಿಗೆ ಹಾಕಿಕೊಳ್ಳಲು ಕೊಟ್ಟಿದ್ದಾರೆ, ಆದರೆ ಇದೇಕೆ ಇಷ್ಟು ಗಿಡ್ಡ ಅಂದುಕೊಂಡು ಡ್ರಾಯರ್‌ನಲ್ಲಿ ಎಸೆದಿದ್ದೆ. ನಗಬೇಡಿ.

ಬೆಲ್ಟ್ ಎರಡೂ ಇಳಿಜಾರಿನಲ್ಲೇ ಇವೆ. ಬ್ಯಾಗ್ ಅಗಲಕ್ಕೆ ಕೂರಲಿ ಅಂತ ದೂರ ದೂರ ಕಟ್ಟಿದ್ದೆ. ಟೈರಿಗೆ 9 ಸೆಂ.ಮೀ. ಅಂತರ ಇದೆ, ಹಾಗಾಗಿ ಸಾಕು ಅನಿಸಿತ್ತು. ಫೋರ್ಕ್ ಮೇಲೆ 100 ಮಿ.ಮೀ. ಅಂತ ಬರೆದಿದೆ. ಕೇಬಲ್‌ಗಳು ಬ್ಯಾಗಿಗೂ ಹೆಡ್ ಟ್ಯೂಬಿಗೂ (ಫ್ರೇಮಿನ ಮುಂತುದಿಯ ಕೊಳವೆ) ಮಧ್ಯೆ ಸಿಕ್ಕಿಕೊಂಡು ಚಪ್ಪಟೆ ಆದ ಹಾಗೆ ಕಾಣುತ್ತವೆ.

ಹಳೇಪೆಡಲ್:

ಹಾಗಾದರೆ ನಿಮ್ಮ ಎರಡು ಸಮಸ್ಯೆ ನಿಜವಾಗಿ ಮೂರು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು ಟೈರಿನ ಲೆಕ್ಕ. ಫೋರ್ಕ್ ಪೂರ್ತಿ ಕುಗ್ಗಿದರೆ ಹ್ಯಾಂಡಲ್ 10 ಸೆಂ.ಮೀ. ಟೈರಿನ ಹತ್ತಿರ ಬರುತ್ತದೆ, ನಿಮಗಿರುವುದು 9. ಬ್ಯಾಗ್ ಒಂದು ಕೂದಲೆಳೆ ಜಾರದಿದ್ದರೂ ದೊಡ್ಡ ಗುಂಡಿಯಲ್ಲಿ ತಾಗೇ ತಾಗುತ್ತದೆ. ಇದು ಬಿಗಿಯುವುದರಿಂದ ಸರಿಹೋಗುವ ವಿಷಯವೇ ಅಲ್ಲ. ಬ್ಯಾಗ್ ಮೇಲಕ್ಕೆ ಬರಬೇಕು ಇಲ್ಲವೇ ಸಣ್ಣದಾಗಬೇಕು. ಪಂಪ್ ಮತ್ತು ಬಾಟಲಿ ಫ್ರೇಮಿಗೆ ಹೋಗಲಿ. ಆಗ ಬ್ಯಾಗನ್ನು ಇನ್ನೂ ಬಿಗಿಯಾಗಿ ಸುರುಳಿ ಸುತ್ತಬಹುದು. ದಪ್ಪ 18 ಸೆಂ.ಮೀ. ಇದ್ದದ್ದು 14ಕ್ಕೆ ಇಳಿದರೆ ಟೈರಿನ ಕಡೆ ಸುಮಾರು 4 ಸೆಂ.ಮೀ. ಸಿಕ್ಕಿತು. ಬೆಲ್ಟ್ ಎಳೆಯುವಾಗ ಬ್ಯಾಗ್ ಹ್ಯಾಂಡಲ್‌ನ ಕೆಳಗೆ ನೇತಾಡದೆ ಮುಂದೆ ಕೂರುವಂತೆ ಎತ್ತಿ ಹಿಡಿದು ಎಳೆಯಿರಿ.

ಎರಡನೆಯದು ಜಾರುವುದು. ಹ್ಯಾಂಡಲ್‌ನ ದಪ್ಪ ಭಾಗ ಈಗಿನ ಎಷ್ಟೋ ಸೈಕಲ್‌ಗಳಲ್ಲಿ 31.8 ಮಿ.ಮೀ. ಇರುತ್ತದೆ. ಕೈ ಹಿಡಿಯುವ ಕಡೆ ಹೋಗುವಷ್ಟರಲ್ಲಿ 22.2 ಆಗಿರುತ್ತದೆ. ಈ ಇಳಿಜಾರಿನ ಮೇಲೆ ಕಟ್ಟಿದ ಬೆಲ್ಟ್ ಅದುರಿದಾಗಲೆಲ್ಲ ಒಂದಿಷ್ಟು ಸಣ್ಣ ಕಡೆಗೆ ಸರಿಯುತ್ತದೆ. ಸರಿದಷ್ಟೂ ಸಡಿಲ. ಅದಕ್ಕೇ ಹೊರಡುವಾಗ ಗಟ್ಟಿ, ಅರ್ಧ ಗಂಟೆಗೆ ಜೋತು.

ದಪ್ಪ ಕಡೆ ಕಟ್ಟಿದರೂ ಎರಡೇ ಬೆಲ್ಟಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಲೆಕ್ಕ ನೋಡಿ. ಬ್ಯಾಗಿನ ಭಾರ ಹ್ಯಾಂಡಲ್ ನಡುಮಧ್ಯದಿಂದ ಸುಮಾರು 12 ಸೆಂ.ಮೀ. ಮುಂದೆ ಇದೆ. ಬೆಲ್ಟ್ ಹಿಡಿದುಕೊಳ್ಳಲು ಇರುವುದು ಹ್ಯಾಂಡಲ್‌ನ ಅರ್ಧ ದಪ್ಪ, 1.6 ಸೆಂ.ಮೀ. ಸನ್ನೆಕೋಲಿನ ಲೆಕ್ಕದಲ್ಲಿ ನಿಮ್ಮ 3 ಕೆ.ಜಿ. ಬೆಲ್ಟಿನ ಹಿಡಿತದ ಮೇಲೆ 22 ಕೆ.ಜಿ.ಗೂ ಜಾಸ್ತಿ ಎಳೆತ ಆಗುತ್ತದೆ. ಪೂರ್ತಿ ಸಣ್ಣ ಭಾಗದಲ್ಲಾದರೆ 32. ಇದು ಸುಮ್ನೆ ನಿಂತಾಗ. ಗುಂಡಿಗೆ ಇಳಿದ ಕ್ಷಣ ಇದರ ಎರಡು ಮೂರು ಪಟ್ಟು ಆಗಬಹುದು. ಕೀಲಿನ ಮೇಲೆ ನಿಂತ ಬಾಗಿಲನ್ನು ಕೀಲು ಬಿಗಿ ಮಾಡಿ ನಿಲ್ಲಿಸುತ್ತೇನೆ ಅಂದ ಹಾಗೆ ಇದು. ಬಾಗಿಲು ನಿಲ್ಲಬೇಕಾದರೆ ಕೀಲಿನಿಂದ ದೂರ ಒಂದು ಚಿಲಕ ಬೇಕು ಅಲ್ವಾ?

ಆ ಚಿಲಕವೇ ಡ್ರಾಯರ್‌ನಲ್ಲಿರುವ ಗಿಡ್ಡ ಬೆಲ್ಟ್. ಆದರೆ ಇಲ್ಲಿ ತುಂಬಾ ಜನ ಒಂದು ಸಂಗತಿ ಮರೆಯುತ್ತಾರೆ. ಬೆಲ್ಟ್ ಎಳೆಯಬಲ್ಲದು, ತಳ್ಳಲಾರದು. ಭಾರಕ್ಕೆ ಬ್ಯಾಗಿನ ತಳ ಹೋಗುವುದು ಕೆಳಕ್ಕೆ ಮತ್ತು ಹಿಂದಕ್ಕೆ, ಅಂದರೆ ಹೆಡ್ ಟ್ಯೂಬಿನ ಕಡೆಗೆ. ಅದನ್ನು ಬೆಲ್ಟ್ ತಡೆಯುವುದಿಲ್ಲ. ಅಲ್ಲಿ ಏನಾದರೂ ಅಡ್ಡ ನಿಲ್ಲಬೇಕು. ಗಟ್ಟಿ ಫೋಮ್ ತುಂಡೊಂದನ್ನು ಬ್ಯಾಗಿನ ಬೆನ್ನಿಗೆ, ಹ್ಯಾಂಡಲ್‌ನಿಂದ 10 ಸೆಂ.ಮೀ. ಕೆಳಗೆ ಕಟ್ಟಿ. ಅದು ಹೆಡ್ ಟ್ಯೂಬಿಗೆ ಆನಿಕೊಂಡು ನಿಂತರೆ ಅದರ ಮೇಲೆ ಬೀಳುವ ಒತ್ತಡ 4 ಕೆ.ಜಿ.ಯೂ ಇಲ್ಲ. 22 ಎಲ್ಲಿ, 4 ಎಲ್ಲಿ! ಫೋಮ್ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಬೆಲ್ಟ್ ಮೇಲಕ್ಕೆ ಹಾರದಂತೆ ಎಳೆದಿಡುತ್ತದೆ. ಎರಡೂ ಸೇರಿದರೇ ಚಿಲಕ.

ಬೆಲ್ಟನ್ನು ಹೆಡ್ ಟ್ಯೂಬಿಗೆ ಸುತ್ತಿದರೆ ಒಂದು ಕಿರಿಕಿರಿ ಇದೆ. ಬ್ಯಾಗ್ ಹ್ಯಾಂಡಲ್ ಜೊತೆ ತಿರುಗುತ್ತದೆ, ಹೆಡ್ ಟ್ಯೂಬ್ ತಿರುಗುವುದಿಲ್ಲ. ಹಾಗಾಗಿ ಬೆಲ್ಟ್ ಬಣ್ಣ ಉಜ್ಜುತ್ತದೆ. ಪಾರದರ್ಶಕ ಫಿಲ್ಮ್ ಅಂಟಿಸಿ, ಫೋಮ್ ಆನುವ ಜಾಗಕ್ಕೂ. ಅಥವಾ ಬೆಲ್ಟನ್ನು ಫೋರ್ಕಿನ ಎರಡು ಕಾಲು ಮೇಲೆ ಸೇರುವ ಜಾಗ, ಅಂದರೆ ಕ್ರೌನ್‌ಗೆ ಸುತ್ತಿ. ಕ್ರೌನ್ ಹ್ಯಾಂಡಲ್ ಜೊತೆಗೇ ತಿರುಗುತ್ತದೆ, ಸಸ್ಪೆನ್ಶನ್ ಕುಗ್ಗಿದಾಗಲೂ ಬ್ಯಾಗಿನಿಂದ ಅದರ ದೂರ ಬದಲಾಗುವುದಿಲ್ಲ. ಆದರೆ ಕ್ರೌನ್ ಕೆಳಗಿನ ಕಮಾನಿಗೆ, ಕಾಲಿನ ಕೆಳಭಾಗಕ್ಕೆ ಮಾತ್ರ ಕಟ್ಟಬೇಡಿ. ಅವು ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತವೆ.

ಮೂರನೆಯದು ಗೇರ್. ಸಂಬಂಧ ಖಂಡಿತ ಇದೆ. ಗೇರ್ ಕೇಬಲ್ ಅಂದರೆ ಹೊರಗಿನ ಕವಚದೊಳಗೆ ಜಾರುವ ತಂತಿ. ಕವಚ ಎಲ್ಲೋ ಸಿಕ್ಕಿಕೊಂಡು, ನೀವು ಹ್ಯಾಂಡಲ್ ತಿರುಗಿಸಿದಾಗ ಬಿಗಿಯಾಗಿ ಸೆಳೆದರೆ, ಲಿವರ್ ಮುಟ್ಟದೆಯೇ ತಂತಿ ಎಳೆದಂತಾಗುತ್ತದೆ. ಕೇಬಲ್‌ಗಳು ದೊಡ್ಡದಾಗಿ, ಸರಾಗವಾಗಿ ಬಾಗಿ ಹೋಗಬೇಕು. ಹ್ಯಾಂಡಲ್ ಮತ್ತು ಬ್ಯಾಗಿನ ನಡುವೆ ಎರಡು ಫೋಮ್ ತುಂಡು ಇಟ್ಟು ದಾರಿ ಮಾಡಿ. ತುಂಬಾ ದಪ್ಪ ಬೇಡ, ಬ್ಯಾಗ್ ಮುಂದೆ ಹೋದಷ್ಟೂ ಮೇಲಿನ ಸನ್ನೆಕೋಲು ಉದ್ದವಾಗುತ್ತದೆ. ಮೂರನೇ ಬೆಲ್ಟಿನ ಒಳಗೆ ಕೇಬಲ್‌ಗಳನ್ನು ಸೇರಿಸಿ ಕಟ್ಟಿಬಿಡಬೇಡಿ. ಬ್ರೇಕ್ ಕೇಬಲ್‌ಗೂ ಇದೇ ಮಾತು, ಅಲ್ಲಿ ಪರಿಣಾಮ ಗೇರ್ ಬದಲಾಗುವುದಕ್ಕಿಂತ ಕೆಟ್ಟದು.

ಮೂರನೇಗೇರ್:

ಇಷ್ಟೆಲ್ಲ ಒದ್ದಾಟ ಯಾಕೆ? ಕ್ಲಿಕ್‌ಫಿಕ್ಸ್ ಥರದ ಅಡಾಪ್ಟರ್ (ಬ್ಯಾಗ್ ಸಿಕ್ಕಿಸಿ ತೆಗೆಯುವ ಕೊಂಡಿ) ಹಾಕಿ. ಸ್ಟೆಮ್ ಎರಡೂ ಕಡೆ ದಪ್ಪ ಭಾಗದಲ್ಲಿ ಹಿಡಿಯುತ್ತದೆ, ಜೊತೆಗೆ ಒಂದು ಸ್ಟೀಲ್ ತಂತಿ ಸ್ಟೆಮ್ಮನ್ನು ಬಳಸಿಕೊಂಡು ಬರುತ್ತದೆ. ಆ ತಂತಿ ಇರುವುದೇ ಅಡಾಪ್ಟರ್ ತಿರುಗದಿರಲು. ಅದನ್ನು ಬಿಟ್ಟು ಬರೀ ಕ್ಲಾಂಪ್ ಬಿಗಿದವರೇ ಆಮೇಲೆ ಜಾರುತ್ತದೆ ಅಂತ ದೂರುವುದು. ಮಿತಿ 7 ಕೆ.ಜಿ. ಬಟನ್ ಒತ್ತಿದರೆ ಬ್ಯಾಗ್ ಕೈಗೆ ಬರುತ್ತದೆ, ಕೇಬಲ್‌ಗಳಿಗೂ ಹಿಂದೆ ಜಾಗ ಇರುತ್ತದೆ. ಕ್ಯಾಮೆರಾ ಇಟ್ಟುಕೊಳ್ಳುವವರಿಗೆ ಮೇಲಿಂದ ತೆರೆಯುವ ಬ್ಯಾಗೇ ಸರಿ.

ಹ್ಯಾಂಡಲ್ ಕಾರ್ಬನ್ ಆಗಿದ್ದರೆ ಮಾತ್ರ ಮೊದಲು ಅದರ ಕೈಪಿಡಿ ಓದಿ. ಕ್ಲಾಂಪ್ ಹಾಕಲೇಬಾರದು ಅಂತ ಇದ್ದರೆ ಹಾಕಬೇಡಿ.

ಹಳೇಪೆಡಲ್:

ಒಪ್ಪುತ್ತೇನೆ, ಡಾಂಬರು ರಸ್ತೆಗೆ ಅದು ಆರಾಮ. ಆದರೆ ಡಬ್ಬಿ ಆಕಾರದ ಬ್ಯಾಗ್ ಕೆಳಕ್ಕೆ ಜಾಸ್ತಿ ಇಳಿಯುತ್ತದೆ. 100 ಮಿ.ಮೀ. ಕುಗ್ಗುವ ಫೋರ್ಕಿನ ಮೇಲೆ ಇವರಿಗೆ ಮತ್ತೆ ಅದೇ ಟೈರಿನ ಕಥೆ. ಕಲ್ಲುಮಣ್ಣಿನ ದಾರಿಯಲ್ಲಿ ನನಗೆ ಉರುಟು ಬ್ಯಾಗೇ ಇಷ್ಟ. ಇರುವ ಬ್ಯಾಗನ್ನು ಮೊದಲು ಸರಿಯಾಗಿ ಕಟ್ಟಿ ನೋಡಲಿ, ಆಮೇಲೆ ಬೇಕಾದರೆ ಕೊಳ್ಳಲಿ.

ಬಾಗಿದಬಾರ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಡ್ರಾಪ್ ಬಾರ್, ತುದಿ ಕೆಳಕ್ಕೆ ಬಾಗಿದ ಹ್ಯಾಂಡಲ್. ಬ್ಯಾಗ್ ಜಾರುವುದಿಲ್ಲ, ಆದರೆ ಬ್ರೇಕ್ ಲಿವರಿಗೂ ಬ್ಯಾಗಿಗೂ ಮಧ್ಯೆ ಬೆರಳು ಸಿಕ್ಕಿಕೊಳ್ಳುತ್ತದೆ. ಏನು ಮಾಡಬಹುದು?

ಹಳೇಪೆಡಲ್:

ಬ್ಯಾಗ್ ಅಗಲ ಜಾಸ್ತಿ ಆಯಿತು. ಬಾರಿನ ಅಳತೆ ನೋಡಬೇಡಿ, ಎರಡು ಲಿವರ್‌ಗಳ ಒಳಗಿನ ಅಂತರ ಅಳೆಯಿರಿ. ಗೇರ್ ಲಿವರ್ ಒಳಕ್ಕೆ ಹೊರಳುವ ಜಾತಿಯದಾದರೆ ಪೂರ್ತಿ ಒತ್ತಿ ಹಿಡಿದು ಅಳೆಯಿರಿ. ಅದರಿಂದ ಎರಡೂ ಕಡೆ ಒಂದೊಂದು ಬೆರಳಿನ ದಪ್ಪ ಕಳೆದು ಉಳಿದಷ್ಟೇ ನಿಮ್ಮ ಬ್ಯಾಗಿನ ಅಗಲ. ಗಿಡ್ಡ, ದಪ್ಪ ಬ್ಯಾಗ್ ನೋಡಿ. ಫೋರ್ಕ್ ಸಸ್ಪೆನ್ಶನ್ ಇಲ್ಲದ್ದಾದರೆ ಚಕ್ರದ ಮೇಲೆ ಸಣ್ಣ ರ‍್ಯಾಕ್ ಹಾಕಿ ಬ್ಯಾಗನ್ನು ಅದರ ಮೇಲೆ ಕೂರಿಸಬಹುದು. ಫ್ರಾನ್ಸ್‌ನ ಹಳೆ ದೂರಪ್ರಯಾಣದ ಸೈಕಲ್‌ಗಳಲ್ಲಿ ಇದೇ ಪದ್ಧತಿ. ಭಾರ ಪೂರ್ತಿ ರ‍್ಯಾಕ್ ಹೊರುತ್ತದೆ, ಮೇಲೆ ಡೆಕಲ್ಯೂರ್ ಅನ್ನುವ ಕೊಂಡಿ ಬ್ಯಾಗ್ ಅಲುಗದಂತೆ ಹಿಡಿದಿರುತ್ತದೆ, ಅಷ್ಟೇ.

ನಿಧಾನಸವಾರಿ:

ಭಾನುವಾರ ಬೆಳಿಗ್ಗೆ ಪೂರ್ತಿ ಇದಕ್ಕೇ ಹೋಯಿತು. ಬೆಲ್ಟ್‌ಗಳನ್ನು ಸ್ಟೆಮ್ ಪಕ್ಕಕ್ಕೆ ತಂದು, ಕೆಳಗೆ ಟ್ಯೂಬ್ ರಬ್ಬರ್ ಸುತ್ತಿದೆ. ಹಳೆ ಯೋಗ ಮ್ಯಾಟ್ ಕತ್ತರಿಸಿ ಮಡಚಿ ಫೋಮ್ ಮಾಡಿದೆ. ಮೊದಲ ಸಲ ಮೆತ್ತಗಾಗಿ ಅದುಮಿಕೊಂಡಿತು, ನಾಲ್ಕು ಪದರ ಮಾಡಿ ಟೇಪ್ ಸುತ್ತಿದ ಮೇಲೆ ನಿಂತಿತು. ಗಿಡ್ಡ ಬೆಲ್ಟ್ ಕ್ರೌನ್‌ಗೆ ಹಾಕಿದೆ. ಬಾಟಲಿ, ಪಂಪ್ ಫ್ರೇಮಿಗೆ ಹೋದವು. ಈಗ ಟೈರಿಗೆ 13 ಸೆಂ.ಮೀ. ಅಂತರ. 20 ಕಿ.ಮೀ. ಕೆಟ್ಟ ರಸ್ತೆಯಲ್ಲಿ ಹೋಗಿ ಬಂದೆ, ಬ್ಯಾಗ್ ಇದ್ದಲ್ಲೇ ಇದೆ!

ಗೇರ್ ಮಾತ್ರ ಇನ್ನೂ ಅಪರೂಪಕ್ಕೊಮ್ಮೆ ಜಿಗಿಯುತ್ತದೆ. ಕೈ ಬಿಟ್ಟರೆ ಮುಂದಿನ ಚಕ್ರ ಸ್ವಲ್ಪ ಓಲಾಡಿದ ಹಾಗೂ ಅನಿಸುತ್ತದೆ.

ಹಳೇಪೆಡಲ್:

ಭೇಷ್. ಕವಚ ಫ್ರೇಮಿನೊಳಗೆ ಕೂರುವ ಗೂಡಿನ ಹತ್ತಿರ ನೋಡಿ. ಸೆಳೆತಕ್ಕೆ ಅದರ ತುದಿಯ ಟೊಪ್ಪಿ ಅರ್ಧ ಹೊರಗೆ ಬಂದು ಓರೆಯಾಗಿ ಕೂತಿರಬಹುದು. ಕವಚ ಮುರಿದ ಹಾಗೆ ಮಡಚಿದ್ದರೆ ಬದಲಾಯಿಸಿ, ಅದನ್ನು ನೆಟ್ಟಗೆ ಮಾಡಿ ಉಪಯೋಗ ಇಲ್ಲ.

ಓಲಾಟಕ್ಕೆ ಕಾರಣ ಹ್ಯಾಂಡಲ್ ಮೇಲಿನ ಭಾರ. ಕ್ಯಾಮೆರಾವನ್ನು ನಡುವೆ, ಹ್ಯಾಂಡಲ್ ಕಡೆಗೆ ಇಡಿ, ರೇನ್‌ಕೋಟ್ ಎರಡು ತುದಿಗೆ ಹೋಗಲಿ. ಆದರೂ ಪೂರ್ತಿ ಹೋಗುವುದಿಲ್ಲ, ಬ್ಯಾಗ್ ಇರುವಾಗ ಕೈ ಬಿಡಬೇಡಿ. ಇಳಿಜಾರಿನಲ್ಲಿ ಶುರುವಾದರೆ ಮೊಣಕಾಲನ್ನು ಫ್ರೇಮಿನ ಮೇಲಿನ ಟ್ಯೂಬಿಗೆ ಒತ್ತಿ ಹಿಡಿದು ನಿಧಾನ ಮಾಡಿ.

ಮತ್ತೆ, ಬೆಲ್ಟಿನ ಉಳಿದ ತುದಿಗಳನ್ನು ಏನು ಮಾಡಿದಿರಿ? ಬಾಲದ ಹಾಗೆ ಬಿಟ್ಟಿದ್ದರೆ ಈಗಲೇ ಹೋಗಿ ಮಡಚಿ ಸಿಕ್ಕಿಸಿ. ಮುಂದಿನ ಚಕ್ರಕ್ಕೆ ಸುತ್ತಿಕೊಂಡರೆ ಹ್ಯಾಂಡಲ್ ದಾಟಿಕೊಂಡು ಬೀಳುತ್ತೀರಿ. ತುದಿಯನ್ನು ಬಕಲ್‌ನೊಳಗೆ ಇನ್ನೊಂದು ಸಲ ಹಿಂದಕ್ಕೆ ತೂರಿಸಿದರೆ ಬೆಲ್ಟ್ ಜಾರುವುದೂ ನಿಲ್ಲುತ್ತದೆ. ನೈಲಾನ್ ಬೆಲ್ಟ್ ಒದ್ದೆಯಾದರೆ ಹಿಗ್ಗುತ್ತದೆ, ಮಳೆ ಬಂದರೆ ನಿಲ್ಲಿಸಿ ಒಮ್ಮೆ ಎಳೆದುಕೊಳ್ಳಿ.

ನಿಧಾನಸವಾರಿ:

ಟೊಪ್ಪಿ ಹೊರಗೇ ಬಂದಿತ್ತು. ಒಳಗೆ ತಳ್ಳಿ ಕೂರಿಸಿದೆ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಗೇರ್ ಅಲುಗುತ್ತಿಲ್ಲ. ಬೆಲ್ಟಿನ ಬಾಲ ಒಂದು ಗೇಣು ನೇತಾಡುತ್ತಿತ್ತು, ಓದಿದ ತಕ್ಷಣ ಎದ್ದು ಹೋಗಿ ಸಿಕ್ಕಿಸಿ ಬಂದೆ. ಬ್ಯಾಗಿನ ತೂತಿಗೆ ಟ್ಯೂಬ್ ಪ್ಯಾಚ್ ಅಂಟಿಸಿದ್ದೇನೆ, ಒಳಗಿಂದ ಒಂದು, ಹೊರಗಿಂದ ಒಂದು.

ಆದರೆ ಲೈಟ್ ಈಗ ಬ್ಯಾಗಿನ ಹಿಂದೆ ಅವಿತುಕೊಂಡಿದೆ. ರಾತ್ರಿ ಬ್ಯಾಗಿನ ಬೆನ್ನಿಗೆ ಮಾತ್ರ ಬೆಳಕು.

ಚೈನ್‌ಎಣ್ಣೆ:

ಕ್ರೌನ್‌ನಲ್ಲಿ ಮಡ್‌ಗಾರ್ಡ್ ಬೋಲ್ಟಿನ ತೂತು ಇದೆಯಾ ನೋಡಿ. ಇದ್ದರೆ ಅಲ್ಲಿಗೆ ಲೈಟಿನ ಬ್ರಾಕೆಟ್ ಹಾಕಬಹುದು. ಹಾಕುವಾಗ ಬ್ಯಾಗಿನ ತಳದಿಂದಲೂ ಟೈರಿನಿಂದಲೂ ದೂರ ಇರಲಿ, ಮತ್ತೆ ಟೇಪ್ ಹಿಡಿದು ಅಳೆಯಿರಿ.